ಒಳಗಿವಿಯ ತಕ್ಕಡಿ

ಶಾಲೆಯ ಬಯಲಿನಲ್ಲಿ ಹುಡುಗರು ಕೈಗಳನ್ನು ಚಾಚಿ, ನಿಂತಲ್ಲೇ ಗಿರಗಿರನೆ ಸುತ್ತಿ, ಫಕ್ಕನೆ ನಿಂತು, ತೂರಾಡುತ್ತ ನೆಲಕ್ಕೆ ಕುಸಿದು ನಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಆ ಆಟವನ್ನು ಆಡದವರು ನಮ್ಮಲ್ಲಿ ಯಾರೂ ಇರಲಾರರು. ಸುತ್ತುವುದನ್ನು ನಿಲ್ಲಿಸಿದ ಮೇಲೆಯೂ ಗಿಡ, ಗೋಡೆ, ಮೋಡಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತಿರುವಂತೆ ತೋರುವುದು. ಅರ್ಧ ನಿಮಿಷದೊಳಗಾಗಿ ಲೋಕವು ತನ್ನ ಸ್ಥಾನಕ್ಕೆ ಮರಳಿ ಬರುವುದರಿಂದ ಅದು ನಮಗೆ ವಿನೋದವಾಗಿದೆ. ಆ ಅರ್ಧ ನಿಮಿಷವು ಮುಗಿಯದೆ ಮೂರು ದಿನಗಳವರೆಗೂ ಮುಂದುವರಿದರೆ ಗತಿಯೇನು?

ನಮ್ಮ ಪರಿಚಯದ ಉಪಾಧ್ಯಾಯರೊಬ್ಬರ ಪಾಲಿಗೆ ಹಾಗೆಯೇ ಆಯಿತು. ಒಂದು ದಿನ ಬೆಳಗಿನ ಜಾವದಲ್ಲಿ ಅವರು ಹಾಸಿಗೆಯಿಂದೇಳಲು ಹೋದಾಗ ಮಾಡಿನ ತೊಲೆಗಳು ಎಡದಿಂದ ಬಲಕ್ಕೆ ಹರಿಯತೊಡಗಿದವು. ಕಣ್ಣು ಮುಚ್ಚಿಕೊಂಡರೂ ತಿರುಗಾಟ ನಿಲ್ಲಲಿಲ್ಲ. ಗೋಡೆ ಹಿಡಿದು ನಿಂತರೆ ದೇಹವು ಎಡಕ್ಕೇ ವಾಲುತ್ತಿತ್ತು. ಹೊಟ್ಟೆಯಲ್ಲಿದ್ದುದೆಲ್ಲ ವಾಂತಿಯಾಗಿಹೋಯಿತು. ಪಿತ್ತ ನೆತ್ತಿಗೇರಿದೆಯೆಂದು ಮನೆಯ ಹಿರಿಯರು ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟರು. ರಕ್ತದ ಒತ್ತಡವೇ ಇರಬೇಕೆಂದು ನೆರೆಯವರು ನಿರ್ಣಯಿಸಿದರು. ವೈದ್ಯರು ಬಂದು ನೋಡುವಾಗ ರೋಗಿಯ ಪ್ರಜ್ಞೆ ಸರಿಯಾಗಿತ್ತು, ಮಾತು ತೊದಲುತ್ತಿರಲಿಲ್ಲ, ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಕಣ್ಣಾಲಿಗಳು ಮಾತ್ರ ಮೆಲ್ಲನೆ ಎಡಕ್ಕೆ ಜಾರಿ, ಥಟ್ಟನೆ ಬಲಕ್ಕೆ ನೆಗೆದು, ಮತ್ತೆ ಎಡಕ್ಕೆ ಜಾರುತ್ತಿದ್ದವು. ಎಡಗಿವಿಯ ಸಮತೋಲದ ನರಕ್ಕೆ ಉರಿಯೂತವಾಗಿದೆಯೆಂದು ವೈದ್ಯರು ಹೇಳಿ, ವಾಂತಿ ನಿಲ್ಲಲೆಂದು ಕೆಲವೇ ದಿನಗಳ ಮಾತ್ರೆಗಳನ್ನು ಕೊಟ್ಟು ಹೋದರು.

ಮೂರನೆಯ ದಿನಕ್ಕೆ ಬಿರುಗಾಳಿ ಅಡಗಿತು. ನಿಜವಾದ ಕಷ್ಟವು ಅನಂತರ ಪ್ರಾರಂಭವಾಯಿತು. ತಲೆಯನ್ನು ಸ್ವಲ್ಪ ಹೊರಳಿಸಿದರೂ ಹೊಯ್ದಾಡಿದಂತಾಗುವುದರಿಂದ ಅವರು ಹೊರಳಿಸುವುದನ್ನೇ ಬಿಟ್ಟರು. ಮನೆಯವರು ಪ್ರೀತಿಯಿಂದ ಕಿಟಕಿಗಳನ್ನು ಮುಚ್ಚಿ, ಕೋಣೆಯನ್ನು ಕತ್ತಲೆ ಮಾಡಿ, ಅವರನ್ನು ಏಳಗೊಡದೆ ಮಲಗಿಸಿದರು. ಐದು ದಿನಗಳ ಮಾತ್ರೆ ಅಂಗಡಿಯಿಂದ ಮತ್ತೆ ಮತ್ತೆ ಬಂದು ಎರಡು ತಿಂಗಳ ಮಾತ್ರೆಯಾಯಿತು. ಎರಡು ತಿಂಗಳು ಕಳೆದ ಮೇಲೂ ಅವರು ಕಪ್ಪುಹಲಗೆಯಿಂದ ತರಗತಿಯ ಕಡೆಗೆ ತಿರುಗಲಾರದ ಸ್ಥಿತಿಯಲ್ಲಿದ್ದರು. ಮುರಿದ ಎಲುಬಿಗೆ ಹಿತವಾಗುವ ವಿಶ್ರಾಂತಿಯು ಇಲ್ಲಿ ಏಕೆ ಅಹಿತವಾಯಿತು? ಇದನ್ನು ತಿಳಿಯಬೇಕಾದರೆ ನಾವು ಕಿವಿಯ ಒಳಕ್ಕೆ ಇಳಿಯಬೇಕು.

ಕಿವಿಯು ಕೇಳುವ ಅಂಗವೆಂಬುದು ಅರ್ಧ ಸತ್ಯ. ತಲೆಬುರುಡೆಯ ಗಟ್ಟಿ ಎಲುಬಿನೊಳಗೆ ಅಡಗಿರುವ ಒಳಗಿವಿಯ ಒಂದು ಭಾಗವು ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿದೆ. ಕೇಳುವ ಕೆಲಸ ಅದರದು. ಅದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ಭಾಗದ ಸುತ್ತುಬಳಸಿನ ರಚನೆಯನ್ನು ಕಂಡ ಹಿಂದಿನ ಶರೀರಶಾಸ್ತ್ರಜ್ಞರು ಒಳಗಿವಿಗೇ ಚಕ್ರವ್ಯೂಹವೆಂಬ ಅರ್ಥದ ಹೆಸರನ್ನಿಟ್ಟರು. ಅಲ್ಲಿ ಬಳೆಯ ತುಂಡುಗಳಂತೆ ಬಾಗಿದ ಮೂರು ಅರ್ಧವರ್ತುಲ ನಾಳಗಳಿವೆ. ಒಂದು ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಸೇರುವಂತೆ ಈ ಮೂರು ನಾಳಗಳು ಪರಸ್ಪರ ಹೆಚ್ಚುಕಡಿಮೆ ಲಂಬವಾಗಿ ನಿಂತಿವೆ. ಆದಕಾರಣ ತಲೆಯು ಯಾವ ದಿಕ್ಕಿಗೆ ತಿರುಗಿದರೂ ಯಾವುದಾದರೊಂದು ನಾಳಕ್ಕೆ ಅದರ ಸುದ್ದಿ ಮುಟ್ಟದಿರದು.

ಸುದ್ದಿ ಮುಟ್ಟುವ ಬಗೆಯನ್ನು ಅಡಿಗೆಮನೆಯಲ್ಲಿಯೇ ಕಾಣಬಹುದು. ಒಂದು ಬಟ್ಟಲಿನಲ್ಲಿ ನೀರು ತುಂಬಿ, ಮೇಲೊಂದು ತುಳಸಿಯ ಎಲೆಯನ್ನು ತೇಲಿಬಿಡಿ. ಬಟ್ಟಲನ್ನು ಥಟ್ಟನೆ ತಿರುಗಿಸಿದರೆ ಬಟ್ಟಲು ತಿರುಗುತ್ತದೆ, ಎಲೆ ಇದ್ದಲ್ಲೇ ಇರುತ್ತದೆ. ಜಡತೆಯಿಂದ ನೀರು ಹಿಂದುಳಿಯುವುದೇ ಇದಕ್ಕೆ ಕಾರಣ. ತಿರುಗಿಸುತ್ತಲೇ ಹೋದರೆ ನೀರೂ ಬಟ್ಟಲಿನೊಡನೆ ತಿರುಗತೊಡಗುವುದು. ಆಗ ಬಟ್ಟಲನ್ನು ಹಿಡಿದು ನಿಲ್ಲಿಸಿದರೆ ಎಲೆ ಮಾತ್ರ ಸುತ್ತುತ್ತಲೇ ಇರುವುದು. ನಾಳಗಳಲ್ಲಿರುವ ದ್ರವದ ನಡತೆಯೂ ಇದೇ. ಪ್ರತಿ ನಾಳದ ಬುಡದಲ್ಲಿ ಲೋಳೆಯಂಥ ಒಂದು ಪುಟ್ಟ ತೆರೆಯುಂಟು. ಹಿಂದುಳಿದ ದ್ರವವು ಅದನ್ನು ಬಾಗಿಸಿದಾಗ ಅದರಲ್ಲಿ ನೆಟ್ಟಿರುವ ಸೂಕ್ಷ್ಮವಾದ ರೋಮಕೋಶಗಳು ಬಾಗಿ, ನರದ ಮೂಲಕ ಮೆದುಳಿಗೆ ವಾರ್ತೆ ಕಳುಹಿಸುತ್ತವೆ. ಬಯಲಿನಲ್ಲಿ ಸುತ್ತಿ ನಿಂತ ಹುಡುಗನಿಗೆ ಲೋಕ ತಿರುಗುವಂತೆ ತೋರುವುದೂ ನಿಲ್ಲದ ಎಲೆಯ ಕಾರಣದಿಂದಲೇ. ನಾಳಗಳ ಪಕ್ಕದ ಎರಡು ಚೀಲಗಳಲ್ಲಿ ಸುಣ್ಣದ ಅತಿಸೂಕ್ಷ್ಮ ಹರಳುಗಳಿವೆ. ಮೊಟ್ಟೆಯ ಚಿಪ್ಪಿನಲ್ಲಿರುವ ವಸ್ತುವೇ ಇವುಗಳಲ್ಲಿಯೂ ಇದೆ. ತಮ್ಮ ಭಾರದಿಂದ ಇವು ಮೇಲಾವುದು, ಕೆಳಗಾವುದು ಎಂಬುದನ್ನು ಸಾರುತ್ತವೆ.

ಈ ಅಂಗವು ನಮ್ಮನ್ನು ಬೀಳದಂತೆ ಹಿಡಿದು ನಿಲ್ಲಿಸುವುದಷ್ಟನ್ನೇ ಮಾಡುವುದೆಂದು ವಾಚಕರು ಭಾವಿಸಬಾರದು. ಈ ಸಂಚಿಕೆಯನ್ನು ಕಣ್ಣಿನಿಂದ ಒಂದು ಮೊಳ ದೂರದಲ್ಲಿ ಹಿಡಿದು, ತಲೆಯನ್ನು ಕದಲಿಸದೆ, ಪುಟವನ್ನು ಎಡಕ್ಕೂ ಬಲಕ್ಕೂ ಬೇಗಬೇಗನೆ ಆಡಿಸಿ ನೋಡಿ: ಅಕ್ಷರಗಳು ಕಲಸಿಹೋಗುವುವು. ಇನ್ನು ಪುಟವನ್ನು ಅಲುಗಿಸದೆ ತಲೆಯನ್ನು ಅದೇ ವೇಗದಲ್ಲಿ ಆಡಿಸಿರಿ: ಓದಲು ಅಡ್ಡಿಯೇ ಇಲ್ಲ! ಎರಡರಲ್ಲಿಯೂ ಕಣ್ಣಿಗೂ ಪುಟಕ್ಕೂ ನಡುವಣ ಚಲನೆ ಒಂದೇ ಆಗಿದ್ದರೂ ಫಲ ಬೇರೆಯಾಯಿತು. ಪುಟ ಓಡಿದಾಗ ಕಣ್ಣು ಅದನ್ನು ನೋಡಿಯೇ ಹಿಂಬಾಲಿಸಬೇಕು. ಅದಕ್ಕೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಬೇಕು. ತಲೆ ತಿರುಗಿದಾಗಲಾದರೋ ಒಳಗಿವಿಯ ಆಜ್ಞೆಯು ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಕಣ್ಣಿನ ಸ್ನಾಯುಗಳಿಗೆ ಮುಟ್ಟಿ, ತಲೆ ಎಷ್ಟು ಬಲಕ್ಕೋ ಕಣ್ಣು ಅಷ್ಟೇ ಎಡಕ್ಕೆ ಹೊರಳುವಂತೆ ಮಾಡುವುದು. ನಡೆಯುವಾಗ ಬೀದಿ ಕುಣಿಯದೆ ನಿಂತಿರುವುದು ಈ ಉಪಕಾರದಿಂದಲೇ.

ಈಗ ತಕ್ಕಡಿಯ ವಿಷಯಕ್ಕೆ ಬರೋಣ. ಎರಡು ಕಿವಿಗಳ ಸಮತೋಲದ ನರಗಳೂ, ತಲೆ ನಿಶ್ಚಲವಾಗಿರುವಾಗ ಕೂಡ, ಬಿಡುವಿಲ್ಲದೆ ಮಿಡಿಯುತ್ತಿರುತ್ತವೆ. ಕೋತಿಗಳಲ್ಲಿ ಅಳೆದಾಗ ಒಂದೊಂದು ನರತಂತುವಿನಲ್ಲಿ ಸೆಕೆಂಡಿಗೆ ಸುಮಾರು 90 ಮಿಡಿತಗಳು ಕಂಡುಬಂದಿವೆ. ತಲೆ ಬಲಕ್ಕೆ ತಿರುಗಿದರೆ ಬಲಗಿವಿಯ ಮಿಡಿತ ಏರಿ, ಎಡಗಿವಿಯದು ಇಳಿಯುವುದು. ಮೆದುಳು ಓದುವುದು ಈ ಎರಡರ ವ್ಯತ್ಯಾಸವನ್ನು. ಎರಡು ತಟ್ಟೆಗಳೂ ಸಮವಾಗಿದ್ದರೆ ತಲೆ ನಿಂತಿದೆ. ಬಲದ ತಟ್ಟೆ ತೂಗಿದರೆ ತಲೆ ಬಲಕ್ಕೆ ತಿರುಗುತ್ತಿದೆ. ಇನ್ನು ಎಡದ ನರವು ರೋಗದಿಂದ ಒಂದೇ ರಾತ್ರಿಯಲ್ಲಿ ಮೂಕವಾಯಿತೆನ್ನಿ. ಮಲಗಿರುವ ಮನುಷ್ಯ ಮಿಸುಕದಿದ್ದರೂ ಬಲದ ತಟ್ಟೆಯೇ ತೂಗುತ್ತಿರುವುದು. ನಾನು ನಿಲ್ಲದೆ ಬಲಕ್ಕೆ ಸುತ್ತುತ್ತಿದ್ದೇನೆಂದು ಮೆದುಳು ನಂಬಿ, ಕಣ್ಣುಗಳನ್ನು ಎಡಕ್ಕೆ ಎಳೆಯುವುದು. ಕಣ್ಣು ಎಡಕ್ಕೆ ಜಾರಿದಂತೆಲ್ಲ ಎದುರಿನ ತೊಲೆ ಬಲಕ್ಕೆ ಓಡಿದಂತೆ ಕಾಣುವುದು. ನಮ್ಮ ಉಪಾಧ್ಯಾಯರು ಕಂಡದ್ದು ಇದನ್ನೇ.

ಈ ತಿಳಿವಳಿಕೆಯು ಬಂದ ಕಥೆಯೂ ಸ್ವಾರಸ್ಯವಾದುದು. 1820ರ ದಶಕದಲ್ಲಿ ಪ್ಯಾರಿಸಿನ ಫ್ಲೂರಾನ್ಸ್ ಎಂಬಾತನು ಪಾರಿವಾಳಗಳ ಒಂದೊಂದೇ ಅರ್ಧವರ್ತುಲ ನಾಳವನ್ನು ಕತ್ತರಿಸಿದಾಗ ಹಕ್ಕಿಯು ಕಿವುಡಾಗದೆ, ಆ ನಾಳದ ದಿಕ್ಕಿನಲ್ಲಿಯೇ ತಲೆ ಆಡಿಸತೊಡಗಿತು. ಆದರೂ ತಲೆ ತಿರುಗುವ ರೋಗಿಗಳಿಗೆ ಮೆದುಳಿನಲ್ಲಿ ರಕ್ತ ಹೆಚ್ಚಾಗಿದೆಯೆಂದು ಬಗೆದು ಜಿಗಣೆ ಹಚ್ಚಿ ರಕ್ತ ತೆಗೆಯುವ ಪದ್ಧತಿ ನಿಲ್ಲಲಿಲ್ಲ. ದೋಷವು ಒಳಗಿವಿಯಲ್ಲಿರಬಹುದೆಂದು ಅದೇ ಊರಿನ ವೈದ್ಯ ಮೆನಿಯೇರ್ 1861ರಲ್ಲಿ ವಾದಿಸಿದನು. ಬಳಿಕ ವಿಯೆನ್ನಾ ನಗರದಲ್ಲಿ ರಾಬರ್ಟ್ ಬಾರಾನಿ ಎಂಬ ತರುಣ ವೈದ್ಯನು ರೋಗಿಗಳ ಕಿವಿಯನ್ನು ನೀರಿನಿಂದ ತೊಳೆಯುತ್ತಿದ್ದಾಗ ತಣ್ಣೀರಿನಿಂದ ಅವರಿಗೆ ತಲೆ ತಿರುಗಿ ಕಣ್ಣಾಲಿಗಳು ಒಂದು ದಿಕ್ಕಿಗೆ ಕುಣಿಯುವುದನ್ನೂ, ಬಿಸಿನೀರಿನಿಂದ ಅದರ ವಿರುದ್ಧ ದಿಕ್ಕಿಗೆ ಕುಣಿಯುವುದನ್ನೂ ಕಂಡನು. ಒಂದು ಕಿವಿಯನ್ನು ಮಾತ್ರ ಕಾಯಿಸಿದರೆ, ಇಲ್ಲವೆ ತಣಿಸಿದರೆ, ತಕ್ಕಡಿಯು ಬೇಕೆಂದೇ ಓರೆಯಾಗುವುದಲ್ಲವೆ? ಯಾವ ಕಿವಿ ಜೀವಂತ, ಯಾವುದು ಮೂಕ ಎಂಬುದನ್ನು ಇದರಿಂದ ತಿಳಿಯಬಹುದಾಯಿತು. 1914ರ ನೊಬೆಲ್ ಬಹುಮಾನವು ಆತನಿಗೆ ದೊರೆತ ಸುದ್ದಿ ಬಂದಾಗ ಆತ ರಷ್ಯದಲ್ಲಿ ಯುದ್ಧಕೈದಿಯಾಗಿದ್ದನು. ಈ ಪರೀಕ್ಷೆಯು ಇಂದಿಗೂ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ.

ಮೂಕವಾದ ನರವು ಮತ್ತೆ ಮಾತನಾಡುವುದೆ? ಕೆಲವರಲ್ಲಿ ಭಾಗಶಃ ಮಾತನಾಡುವುದು. ಅನೇಕರಲ್ಲಿ ಎಂದಿಗೂ ಪೂರ್ಣವಾಗಿ ಸುಧಾರಿಸುವುದಿಲ್ಲ. ನಾಶವಾದ ರೋಮಕೋಶಗಳನ್ನು ಹಕ್ಕಿಗಳು ಮತ್ತೆ ಬೆಳೆಸಿಕೊಳ್ಳಬಲ್ಲವು, ಮನುಷ್ಯನಿಗೆ ಆ ಭಾಗ್ಯ ಹೆಸರಿಗಷ್ಟೇ. ಹೀಗಿದ್ದರೂ ಬಹುಮಂದಿ ರೋಗಿಗಳು ಕೆಲವು ವಾರಗಳಲ್ಲಿ, ಇಲ್ಲವೆ ಕೆಲವು ತಿಂಗಳುಗಳಲ್ಲಿ ತಮ್ಮ ಕೆಲಸಕ್ಕೆ ಮರಳುತ್ತಾರೆ. ಕಿವಿ ಗುಣವಾಗದೆ ಮನುಷ್ಯ ಗುಣವಾಗುತ್ತಾನೆ! ಈ ವಿಚಿತ್ರದ ಗುಟ್ಟು ಮೆದುಳಿನಲ್ಲಿದೆ.

ಗುಣವಾಗುವುದು ಎರಡು ಹಂತಗಳಲ್ಲಿ. ಮೊದಲನೆಯದು ತಾನಾಗಿಯೇ ನಡೆಯುವುದು. ಎರಡು ಕಿವಿಗಳ ವಾರ್ತೆಗಳನ್ನು ಸ್ವೀಕರಿಸುವ ನರಕೇಂದ್ರಗಳು ಮೆದುಳಿನ ಬುಡದಲ್ಲಿ ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪಾಗಿವೆ. ಎಡಗಿವಿಯಿಂದ ಏನೂ ಬಾರದಿದ್ದರೂ ಎಡದ ಕೇಂದ್ರವು ಕೆಲವೇ ದಿನಗಳಲ್ಲಿ ತನ್ನೊಳಗಿನಿಂದಲೇ ಮಿಡಿಯಲು ಕಲಿತು, ತಲೆ ನಿಂತಿರುವಾಗ ತಕ್ಕಡಿಯನ್ನು ಸಮಕ್ಕೆ ತರುತ್ತದೆ. ಮೂರನೆಯ ದಿನಕ್ಕೆ ಬಿರುಗಾಳಿ ಅಡಗುವುದು ಹೀಗೆ. ಅಂಗಡಿಯವನು ಹಗುರವಾದ ತಟ್ಟೆಗೆ ಒಂದು ಕಲ್ಲು ಕಟ್ಟಿ ಸರಿಮಾಡಿದಂತೆ ಎನ್ನಬಹುದು.

ಆದರೆ ತಲೆ ಚಲಿಸಿದೊಡನೆ ಈ ಕಲ್ಲಿನ ಉಪಾಯ ಸಾಲದು. ಎಷ್ಟು ತಿರುಗಿದರೆ ಕಣ್ಣನ್ನು ಎಷ್ಟು ಹೊರಳಿಸಬೇಕೆಂಬ ಹಳೆಯ ಲೆಕ್ಕವು ಎರಡು ಕಿವಿಗಳದು. ಈಗ ಇರುವುದು ಒಂದೇ. ಹೊಸ ಲೆಕ್ಕವನ್ನು ಹಾಕಬೇಕಾದುದು ಕಿರುಮೆದುಳು. ಅದು ಕಲಿಯುವುದು ತಪ್ಪಿನಿಂದ ಮಾತ್ರ: ತಲೆ ತಿರುಗಿದಾಗ ಕಣ್ಣಿನ ಹಿಂದಿನ ಪರದೆಯ ಮೇಲೆ ಚಿತ್ರವು ಜಾರಬೇಕು, ಆ ಜಾರುವಿಕೆಯ ವರದಿ ಅದಕ್ಕೆ ಬರಬೇಕು, ಆಗ ಅದು ತನ್ನ ಲೆಕ್ಕವನ್ನು ಒಂದಿಷ್ಟು ತಿದ್ದಿಕೊಳ್ಳುವುದು. ತಲೆಯನ್ನೇ ತಿರುಗಿಸದಿದ್ದರೆ ತಪ್ಪೆಲ್ಲಿ? ಕೋಣೆ ಕತ್ತಲೆಯಾದರೆ ಜಾರಲು ಚಿತ್ರವೆಲ್ಲಿ? ಒಂದು ಕಡೆಯ ಒಳಗಿವಿಯನ್ನು ಕಳೆದುಕೊಂಡ ಬೆಕ್ಕುಗಳನ್ನು ಕತ್ತಲೆಯಲ್ಲಿಟ್ಟು 1970ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಕಣ್ಣಿನ ಈ ಲೆಕ್ಕವು ಬೆಳಕಿಗೆ ಬರುವವರೆಗೂ ಸುಧಾರಿಸಲಿಲ್ಲ. ಅದೇ ದಶಕದಲ್ಲಿ ಅಂಥ ಶಸ್ತ್ರಕ್ರಿಯೆಯಾದ ಬಬೂನ್ ಕೋತಿಗಳನ್ನು ಆಡಗೊಡದೆ ಕಟ್ಟಿಹಾಕಿದಾಗ ಅವುಗಳ ಚೇತರಿಕೆಗೂ ಅಡ್ಡಿಯಾಯಿತು. ತಲೆಸುತ್ತನ್ನು ಅಡಗಿಸುವ ಮಾತ್ರೆಗಳ ಕಥೆಯೂ ಇದೇ. ಮೊದಲ ಎರಡು ಮೂರು ದಿನಗಳ ವಾಂತಿ, ಸಂಕಟಗಳಲ್ಲಿ ಅವು ಉಪಕಾರಿ. ಆಮೇಲೂ ನುಂಗುತ್ತ ಹೋದರೆ ಕಲಿಯಬೇಕಾದ ಮೆದುಳನ್ನು ತೂಕಡಿಸುವಂತೆ ಮಾಡಿ ಚೇತರಿಕೆಯನ್ನು ಹಿಂದಕ್ಕೆ ತಳ್ಳುತ್ತವೆ. ಮನೆಯವರ ಅಕ್ಕರೆಯ ಕತ್ತಲೆಕೋಣೆಯು ನಮ್ಮ ಉಪಾಧ್ಯಾಯರಿಗೆ ಮಾಡಿದ ಅಪಕಾರವನ್ನು ಇನ್ನು ವಿವರಿಸಬೇಕಾಗಿಲ್ಲ.

ಎರಡು ಕಿವಿಗಳ ಸಮತೋಲವನ್ನೂ ಕಳೆದುಕೊಂಡವರ ಗತಿಯೇನೆಂದು ಕೆಲವರು ಕೇಳಬಹುದು. 1952ರಲ್ಲಿ ಅಮೆರಿಕದ ಬಾಸ್ಟನ್ನಿನ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ ಜೆ. ಸಿ. ಎಂಬ ಎರಡು ಅಕ್ಷರಗಳ ಸಹಿಯಿಂದ ಒಂದು ಲೇಖನ ಪ್ರಕಟವಾಯಿತು. ಬರೆದವರು ಸ್ವತಃ ವೈದ್ಯರು. ಮೊಣಕಾಲಿನ ಕ್ಷಯಕ್ಕಾಗಿ ಅವರಿಗೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದನ್ನು ಕೊಡಲಾಗಿತ್ತು. ಪ್ರಾಣ ಉಳಿಸುವ ಆ ಔಷಧವು ಒಳಗಿವಿಯ ರೋಮಕೋಶಗಳಿಗೆ ವಿಷವೂ ಹೌದು. ಕ್ಷಯಕ್ಕೆ ಈಗ ಮಾತ್ರೆಗಳೇ ಮುಖ್ಯವಾಗಿರುವುದರಿಂದ ಅದರ ಬಳಕೆ ಬಹಳ ಕುಗ್ಗಿದೆ. ಆದರೆ ಅದೇ ಕುಲದ ಜೆಂಟಾಮೈಸಿನ್ ಇಂದಿಗೂ ಬಳಕೆಯಲ್ಲಿದೆ. ಹಾಸಿಗೆಯಲ್ಲಿ ಮಲಗಿ ಪುಸ್ತಕ ಹಿಡಿದರೆ ಅವರಿಗೆ ಅಕ್ಷರಗಳು ಕುಣಿಯುತ್ತಿದ್ದವು, ತಮ್ಮ ನಾಡಿಯ ಪ್ರತಿಯೊಂದು ಬಡಿತಕ್ಕೂ ತಲೆ ಅಲ್ಲಾಡುತ್ತಿದ್ದುದರಿಂದ! ನಮ್ಮ ತಲೆಗಳೂ ಹಾಗೆಯೇ ಅಲ್ಲಾಡುತ್ತಿವೆ. ಕಣ್ಣು ಅದನ್ನು ಸರಿದೂಗಿಸುವುದರಿಂದ ನಮಗೆ ತಿಳಿಯದು, ಅಷ್ಟೆ. ಮಂಚದ ತಲೆಕಡೆಯ ಲೋಹದ ಸರಳುಗಳ ನಡುವೆ ತಲೆಯನ್ನು ಒತ್ತಿ ಹಿಡಿದು ಅವರು ಓದಿದರು. ಬೀದಿಯಲ್ಲಿ ಎದುರಿಗೆ ಬಂದವರ ಮುಖ ಗುರುತಿಸಬೇಕಾದರೆ ನಡೆಯುವುದನ್ನು ನಿಲ್ಲಿಸಬೇಕಾಗಿತ್ತು. ಆದರೂ ಅವರು ಎದ್ದರು, ನಡೆದರು, ಕೆಲಸಕ್ಕೆ ಮರಳಿದರು. ಅವರಿಗೆ ಆಸರೆಯಾದುವು ಇನ್ನೆರಡು ಇಂದ್ರಿಯಗಳು: ಕಣ್ಣು, ಮತ್ತು ಅಂಗಾಲು ಹಾಗೂ ಕೀಲುಗಳಿಂದ ಬರುವ ಸ್ಪರ್ಶದ ಅರಿವು. ಕತ್ತಲೆಯಲ್ಲಿ ಉಬ್ಬುತಗ್ಗಿನ ನೆಲದ ಮೇಲೆ ಈ ಎರಡೂ ಕೈಕೊಡುವುದರಿಂದ ಅಂಥವರಿಗೆ ಅದೇ ಅತಿ ಕಠಿನ. ನೀರಿನೊಳಗೆ ಮುಳುಗಿದರೆ ಮೇಲಾವುದೆಂದು ತಿಳಿಯದೆ ಪ್ರಾಣಕ್ಕೇ ಅಪಾಯ.

(ಒಂದು ವಿನೋದದ ಸಂಗತಿ: ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1882ರಲ್ಲಿ ಪ್ರಕಟಿಸಿದ ವರದಿಯಂತೆ 519 ಮಂದಿ ಕಿವುಡರಲ್ಲಿ 186 ಮಂದಿಗೆ ಎಷ್ಟು ಗಿರಗಿರನೆ ಸುತ್ತಿದರೂ ತಲೆ ತಿರುಗಲಿಲ್ಲ, ಹಾರ್ವರ್ಡಿನ ಸುಮಾರು 200 ಮಂದಿ ವಿದ್ಯಾರ್ಥಿಗಳಲ್ಲಿಯೂ ಅಧ್ಯಾಪಕರಲ್ಲಿಯೂ ಅಂಥವನು ಒಬ್ಬನೇ. ಒಳಗಿವಿ ಇಲ್ಲದವರಿಗೆ ಹಡಗಿನ ವಾಂತಿಯೂ ಬಾರದು.)

ಚಲನೆಯೇ ಔಷಧವೆಂಬುದನ್ನು ಕ್ರಮಬದ್ಧವಾಗಿ ಬಳಕೆಗೆ ತಂದವರು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಇಬ್ಬರು ವೈದ್ಯರು: ಟೆರೆನ್ಸ್ ಕಾಥಾರ್ನ್ ಮತ್ತು ಕುಕ್ಸೆ. ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ತಲೆಗೆ ಪೆಟ್ಟು ಬಿದ್ದು ತಲೆಸುತ್ತಿನಿಂದ ನರಳುತ್ತಿದ್ದವರೂ, ಒಳಗಿವಿಯ ಶಸ್ತ್ರಕ್ರಿಯೆಯಾದವರೂ ಅವರ ಬಳಿಗೆ ಬರುತ್ತಿದ್ದರು. ಹಾಸಿಗೆಯಿಂದ ಬೇಗನೆ ಎದ್ದು ಓಡಾಡಿದವರು ಬೇಗನೆ ಗುಣಹೊಂದುವುದನ್ನು ಕಂಡು ಅವರು 1940ರ ದಶಕದಲ್ಲಿ ಒಂದು ವ್ಯಾಯಾಮ ಪದ್ಧತಿಯನ್ನು ರಚಿಸಿದರು. ಮೊದಲು ಮಲಗಿದ್ದಂತೆಯೇ ಕಣ್ಣುಗಳನ್ನು ಮೇಲೆ ಕೆಳಗೆ, ಅತ್ತ ಇತ್ತ ಹೊರಳಿಸುವುದು. ಬಳಿಕ ತಲೆಯನ್ನು ನಿಧಾನವಾಗಿ, ಮತ್ತೆ ವೇಗವಾಗಿ. ಅನಂತರ ಕುಳಿತು ಬಗ್ಗಿ ನೆಲದ ವಸ್ತುವನ್ನು ಎತ್ತುವುದು. ನಿಂತು ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಕಣ್ಣಿನ ಮಟ್ಟಕ್ಕಿಂತ ಮೇಲೆ ಎಸೆಯುವುದು. ಕೊನೆಗೆ ಇಳಿಜಾರಿನಲ್ಲಿಯೂ ಮೆಟ್ಟಿಲುಗಳಲ್ಲಿಯೂ ನಡೆಯುವುದು, ಚೆಂಡಾಟಗಳನ್ನು ಆಡುವುದು. ರೋಗಿಗಳನ್ನು ಗುಂಪಾಗಿ ಸೇರಿಸಿ ಮಾಡಿಸುತ್ತಿದ್ದುದರಲ್ಲಿಯೂ ಜಾಣತನವಿತ್ತು. ಪಕ್ಕದವನೂ ತೂರಾಡುವುದನ್ನು ಕಂಡವನಿಗೆ ನಾಚಿಕೆಯೂ ಭಯವೂ ಕಡಿಮೆ.

ಇಂದಿನ ಪದ್ಧತಿ ಇದರ ಮಗುವೇ. ಅದರ ಮುಖ್ಯ ಪಾಠವೊಂದನ್ನು ಇಲ್ಲಿ ಹೇಳಬಹುದು. ಗೋಡೆಯ ಕ್ಯಾಲೆಂಡರಿನ ಒಂದು ಅಂಕಿಯನ್ನು ದಿಟ್ಟಿಸುತ್ತ, ಅದು ಕಲಸಿಹೋಗದಂತೆ ಎಷ್ಟು ವೇಗದಲ್ಲಿ ಸಾಧ್ಯವೋ ಅಷ್ಟು ವೇಗದಲ್ಲಿ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಬಳಿಕ ಮೇಲಕ್ಕೂ ಕೆಳಕ್ಕೂ. ಒಂದೆರಡು ನಿಮಿಷಗಳ ಅಭ್ಯಾಸವನ್ನು ದಿನಕ್ಕೆ ಹಲವು ಬಾರಿ ಮಾಡಬೇಕು. ರೋಗ ಹೊಸದಾಗಿದ್ದರೆ ದಿನಕ್ಕೆ ಒಟ್ಟು 12 ನಿಮಿಷಗಳಾದರೂ, ಹಳೆಯದಾಗಿದ್ದರೆ 20 ನಿಮಿಷಗಳಾದರೂ ಬೇಕೆಂದು ಈಗಿನ ವೈದ್ಯಕೀಯ ಮಾರ್ಗದರ್ಶನ. ಮಾಡುವಾಗ ತಲೆ ತಿರುಗುವುದು ಖಂಡಿತ. ತಿರುಗದಿದ್ದರೆ ಮೆದುಳಿಗೆ ಪಾಠವೇ ಇಲ್ಲ. ತಿರುಗಾಟವು ಸ್ವಲ್ಪ ಹೊತ್ತಿನಲ್ಲಿ ತಗ್ಗುವಷ್ಟು ಮಾತ್ರ ಇರುವಂತೆ ಅಳತೆ ನೋಡಿ ಹೆಚ್ಚಿಸುವುದು ಗುರುವಿನ ಕೆಲಸ. ಆದುದರಿಂದ ಇದನ್ನು ಬಲ್ಲವರ ಎದುರಿನಲ್ಲಿಯೇ ಪ್ರಾರಂಭಿಸತಕ್ಕದ್ದು.

ದಾರಿ ನೇರವಲ್ಲ. ಜ್ವರ ಬಂದ ದಿನ, ನಿದ್ದೆಗೆಟ್ಟ ದಿನ, ಮನಸ್ಸು ಕಳವಳಗೊಂಡ ದಿನ ಕಲಿತ ಲೆಕ್ಕ ತಾತ್ಕಾಲಿಕವಾಗಿ ಸಡಿಲವಾಗಿ, ರೋಗವೇ ಮರಳಿತೆಂದು ಹೆದರಿಕೆಯಾಗುವುದು. ಕಿವಿಯ ಮೇಲೆ ನಂಬಿಕೆ ಕಳೆದುಕೊಂಡ ಮೆದುಳು ಕಣ್ಣನ್ನು ಅತಿಯಾಗಿ ನಂಬತೊಡಗುವುದರಿಂದ ಸಂತೆಯ ಜನಸಂದಣಿ, ತಿರುಗುವ ಫ್ಯಾನು, ಮೊಬೈಲಿನ ಗಾಜಿನ ಮೇಲೆ ಓಡುವ ಸಾಲುಗಳು ಇವೆಲ್ಲ ಸಂಕಟ ತರುವುವು. ಬಿದ್ದುಬಿಡುವೆನೆಂಬ ಭಯದಿಂದ ಕುತ್ತಿಗೆಯನ್ನು ಬಿಗಿಹಿಡಿದು ನಡೆಯುವವರಲ್ಲಿ, ನರದ ಗೊಂದಲ ಮುಗಿದು ಎಷ್ಟೋ ತಿಂಗಳಾದ ಮೇಲೂ ತೇಲಿದಂತಹ ಅನುಭವ ಉಳಿಯಬಹುದು. ಇದನ್ನು ಮನಸ್ಸಿನ ಭ್ರಮೆಯೆಂದು ಜರೆಯುವುದು ಅನ್ಯಾಯ. ಕಾಲೇಜಿನ ಗೆಳೆಯನಿಗೆ ಹೀಗಾದರೆ ಅವನನ್ನು ಮಲಗಿಸುವುದಕ್ಕಿಂತ ಅವನ ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆಯುವುದು ಹೆಚ್ಚಿನ ಉಪಕಾರ.

ತಲೆ ತಿರುಗುವುದೆಲ್ಲ ಇದೇ ರೋಗವಲ್ಲ. ಹಸಿದಿದ್ದು ಫಕ್ಕನೆ ಎದ್ದಾಗ ಕಣ್ಣು ಕತ್ತಲೆಗಟ್ಟಿ ಬವಳಿ ಬರುವುದು ಬೇರೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಒಂದು ನಿಮಿಷಕ್ಕೂ ಕಡಿಮೆ ಕಾಲ ಲೋಕ ಸುತ್ತಿ ನಿಲ್ಲುವುದಾದರೆ, ಸುಣ್ಣದ ಹರಳುಗಳು ತಮ್ಮ ಚೀಲದಿಂದ ಕಳಚಿ ನಾಳದೊಳಗೆ ಸೇರಿರುವ ಸಂಭವವೇ ಹೆಚ್ಚು. ಅಮೆರಿಕದ ಎಪ್ಲೆ ಎಂಬ ವೈದ್ಯರು ತಲೆಯನ್ನು ಕ್ರಮವಾಗಿ ಹೊರಳಿಸಿ ಆ ಹರಳುಗಳನ್ನು ಹೊರಕ್ಕೆ ಉರುಳಿಸುವ ಉಪಾಯವನ್ನು ಹೇಳಿದಾಗ ಮೊದಲು ಸಹೋದ್ಯೋಗಿಗಳೇ ನಂಬಲಿಲ್ಲ. 1992ರಲ್ಲಿ ಪ್ರಕಟವಾದ ಆ ಕ್ರಮವನ್ನು ಈಗ ಎಲ್ಲೆಡೆಯೂ ಅನುಸರಿಸುತ್ತಾರೆ. ಮೆನಿಯೇರನ ಹೆಸರು ಹೊತ್ತ ರೋಗದಲ್ಲಿ ತಲೆಸುತ್ತಿನೊಡನೆ ಕಿವಿ ಮೊರೆಯುವುದೂ ಮಂದವಾಗುವುದೂ ಉಂಟು. ಮರುಕಳಿಸುವ ಅದರ ದಾಳಿಗಳನ್ನು ವ್ಯಾಯಾಮವು ತಡೆಯಲಾರದು. ಇವೆಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದುಂಟು. ತಲೆಸುತ್ತಿನೊಡನೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಇಲ್ಲವೆ ಕೈಕಾಲು ಸೋತರೆ, ಹಿಂದೆಂದೂ ಇರದಂಥ ತಲೆನೋವು ಬಂದರೆ, ಆಸರೆಯಿದ್ದರೂ ನಿಲ್ಲಲಾಗದಿದ್ದರೆ, ಅದು ಮೆದುಳಿನ ರಕ್ತನಾಳದ ಆಘಾತವಿರಬಹುದು. ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಉಪಾಧ್ಯಾಯರ ಸಂಗತಿ ಉಳಿಯಿತು. ಮೂರನೆಯ ತಿಂಗಳಿನಲ್ಲಿ ಬೇರೊಬ್ಬ ವೈದ್ಯರು ಅವರ ಮಾತ್ರೆಗಳನ್ನು ಬಿಡಿಸಿ, ಕಿಟಕಿ ತೆರೆಸಿ, ಅಂಗಳದಲ್ಲಿ ನಡೆಸತೊಡಗಿದರು. ಮೊದಲ ವಾರ ಅವರು ಬೈದುಕೊಂಡೇ ನಡೆದರಂತೆ. ಕ್ಯಾಲೆಂಡರಿನ ಅಂಕಿ, ಬಾವಿಕಟ್ಟೆಯವರೆಗಿನ ದಾರಿ, ತಮ್ಮ ಮೊಮ್ಮಗಳೊಡನೆ ಚೆಂಡಿನ ಆಟ, ವಾರದ ಸಂತೆ, ಹೀಗೆ ಒಂದೊಂದಾಗಿ ದಾಟಿ ಐದನೆಯ ತಿಂಗಳಿನಲ್ಲಿ ಶಾಲೆಗೆ ಹೋದರು. ಈಗ ಕಪ್ಪುಹಲಗೆಯಿಂದ ತಟಕ್ಕನೆ ತಿರುಗಿ ಹಿಂದಿನ ಬೆಂಚಿನ ತುಂಟನನ್ನು ಹಿಡಿಯಬಲ್ಲರು. ಅವರ ಎಡಗಿವಿಗೆ ತಣ್ಣೀರು ಬಿಟ್ಟು ಮತ್ತೆ ಪರೀಕ್ಷಿಸಿದಾಗ ಅದು ಮೊದಲಿನಂತೆಯೇ ಮೂಕವಾಗಿತ್ತು. ದೀಪವಿಲ್ಲದ ಓಣಿಯಲ್ಲಿ ಮಾತ್ರ ಅವರು ಟಾರ್ಚು ಹಿಡಿದೇ ನಡೆಯುತ್ತಾರೆ.